ಸೀನುವ ಆನೆಗಳು ಕಾಣೆ

ಲಕೋಟೆ ಖಾಲಿ!

ಹೊಸ ಹುಡುಗಿ ಅದನ್ನು ಬೆಳಕಿಗೆ ಹಿಡಿದಳು, ತಲೆಕೆಳಗು ಮಾಡಿ ಕೊಡವಿದಳು. ಏನೂ ಬೀಳಲಿಲ್ಲ. ‘ಸೀನುವ ಆನೆಗಳು’ ಆಟದ ಡಿಸ್ಕ್ ಅದರೊಳಗೆ ಇರಬೇಕಿತ್ತು. ಆ ವಿಡಿಯೊ ಗೇಮ್ ಅಂಗಡಿಯಲ್ಲಿದ್ದ ಕೊನೆಯ ಪ್ರತಿ. ಕಾಯ್ದಿರಿಸಿದ್ದ ಮೇಷ್ಟ್ರು ಹನ್ನೆರಡಕ್ಕೆ ಬರುವವರಿದ್ದರು. ಆಗಲೇ ಹನ್ನೊಂದು ಹೊಡೆದಿತ್ತು.

ವಿಚಿತ್ರವಾದ ತಾಳದ ಆಟ ಅದು. ಸಾಲಾಗಿ ನಿಂತ ಆನೆಗಳು ಹಾಡಿನ ತಾಳಕ್ಕೆ ಒಂದೊಂದಾಗಿ ಸೀನುತ್ತವೆ. ಆಡುವವರು ಸರಿಯಾಗಿ ಆ ಕ್ಷಣಕ್ಕೆ ಗುಂಡಿ ಒತ್ತಿ ಕರವಸ್ತ್ರ ಹಿಡಿಯಬೇಕು. ತಪ್ಪಿದರೆ ಪರದೆಯೆಲ್ಲ ತೋಯ್ದು ತೊಪ್ಪೆ.

“ಖಾನೆ ಬೀಗ ತೆಗ್ದಿದ್ದು ಯಾರು?” ಕ್ಯಾಷಿಯರ್ ಅಕ್ಕ ಕೇಳಿದಳು.

“ನಾನೇ ಅಕ್ಕ. ಆದ್ರೆ—”

“ಊಟದ ಬಿಡುವಲ್ಲೆಲ್ಲ ತಾಳದ ಆಟ ಆಡೋದು ಯಾರು?”

“ನಾನೇ. ಆದ್ರೆ—”

“ಮತ್ತೆ ಆದ್ರೆ ಏನು ಬಂತು?”

ರಜೆಯ ನೂಕುನುಗ್ಗಲಿಗೆಂದು ಆರು ವಾರದ ಮಟ್ಟಿಗೆ ಸೇರಿದವಳು ಹುಡುಗಿ. ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ಯಜಮಾನರು ಇವತ್ತೇ ಹೇಳುವವರಿದ್ದರು. ಈ ಕೆಲಸ ಅವಳಿಗೆ ಪ್ರಾಣಕ್ಕಿಂತ ಇಷ್ಟವಾಗಿಬಿಟ್ಟಿತ್ತು. ಕಳ್ಳಿ ಅನ್ನಿಸಿಕೊಂಡು ಹೋಗುವುದೆಂದರೆ!

ಖಾನೆಗಳನ್ನೆಲ್ಲ ಜಾಲಾಡಿದರು. ಇನ್ನೂರು ಲಕೋಟೆ, ಒಂದರಲ್ಲೂ ಆನೆಯ ಸುಳಿವಿಲ್ಲ. ಮಹಡಿಯ ಮೇಲಿನ ಮನೆಯಿಂದ ಯಜಮಾನರ ತಾಯಿ ಚಹಾ ತಂದರು. ಎಲ್ಲರೂ ದೊಡ್ಡಮ್ಮ ಎಂದೇ ಕರೆಯುವ, ಆಟಗಳೆಂದರೆ ಮೂಗು ಮುರಿಯುವ ಹೆಂಗಸು.

“ಏನು ಹುಡುಕ್ತಿದೀರಿ?”

“ಒಂದು ಆಟ ಕಾಣ್ತಿಲ್ಲ ದೊಡ್ಡಮ್ಮ,” ಎಂದಳು ಕ್ಯಾಷಿಯರ್ ಅಕ್ಕ.

“ಅದರ ಡಬ್ಬೀಲಿ ನೋಡಿ.”

“ಅಯ್ಯೋ, ನಮ್ಮಂಗಡೀಲಿ ಡಬ್ಬೀಲಿ ಆಟ ಇರಲ್ಲ. ನೀವು ಹೋಗಿ ಆರಾಮಾಗಿರಿ.”

ಅದೂ ನಿಜವೇ. ಕಪಾಟಿನಲ್ಲಿ ಇರುವುದೆಲ್ಲ ಖಾಲಿ ಡಬ್ಬಿಗಳು. ಕಳವಾಗಬಾರದೆಂದು ಡಿಸ್ಕುಗಳೆಲ್ಲ ಲಕೋಟೆಗಳಲ್ಲಿ, ಕೌಂಟರಿನ ಹಿಂದೆ, ಬೀಗದೊಳಗೆ. ಮಾರುವಾಗ ಮೊದಲು ಲಕೋಟೆ ತೆಗೆಯಬೇಕು, ಆಮೇಲೆ ಡಬ್ಬಿ. ದೊಡ್ಡಮ್ಮ “ನಿಮ್ಮಿಷ್ಟ” ಎಂದು ಗೊಣಗಿ ಮೆಟ್ಟಿಲು ಹತ್ತಿದರು.

ಯಜಮಾನರು ಬಂದರು. ವಿಷಯ ಕೇಳಿದರು. ಹುಡುಗಿಯ ಮುಖವನ್ನೊಮ್ಮೆ ನೋಡಿ, “ಸ್ಕ್ರೂ ಮಾಮನ್ನ ಕರೀರಿ,” ಎಂದರು.

ಹಿಂದಿನ ಕೋಣೆಯಲ್ಲಿ ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡುವ ಮುದುಕ ಅವನು. ಕಿವಿಯ ಮೇಲೆ ಪೆನ್ಸಿಲ್ ಇಡುವಂತೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡೇ ಬಂದ.

“ಮಗಳೇ, ಹೆದರ್ಬೇಡ. ಬೆಳಿಗ್ಗೆಯಿಂದ ಏನೇನಾಯ್ತು, ಹೇಳು.”

“ಇವತ್ತು ಅರ್ಧ ಗಂಟೆ ಮುಂಚೆನೇ ಬಂದೆ ಮಾಮ. ಶಟರ್ ಅರ್ಧ ಎತ್ತಿತ್ತು. ಒಳಗೆ ದೊಡ್ಡಮ್ಮ ಕಪಾಟು ಒರೆಸ್ತಿದ್ರು. ಕೀಲಿಗೊಂಚಲು ನನ್ನ ಕೈಗೆ ಕೊಟ್ಟು ಮೇಲೆ ಹೋದ್ರು.”

“ಆಮೇಲೆ?”

“ಗಿರಾಕಿಗಳಿಗೆ ಮೊಟ್ಟೆ ಒಡೆಯೋ ಆಟ ತೋರಿಸ್ದೆ. ಅದೂ ತಾಳದ್ದೇ. ಯಾವತ್ತೂ ತಪ್ಪದೋಳು ಇವತ್ತು ಒಂದು ಮೊಟ್ಟೆನೂ ಸರಿಯಾಗಿ ಒಡೀಲಿಲ್ಲ.”

“ನೋಡಿ!” ಕ್ಯಾಷಿಯರ್ ಅಕ್ಕ ಕೈ ತಟ್ಟಿದಳು. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ! ಕದ್ದ ಕೈ ನಡುಗದೆ ಇರತ್ತಾ?”

ಹುಡುಗಿಗೆ ಅಳು ಉಕ್ಕಿ ಬಂತು. ಸ್ಕ್ರೂ ಮಾಮ ಮಾತ್ರ ಕಣ್ಣು ಕಿರಿದು ಮಾಡಿದ.

“ತಪ್ಪಿದಾಗ ಪರದೆ ಮೇಲೆ ಏನು ಬಂತು? ‘ಬೇಗ’ ಅಂತಲೋ, ‘ತಡ’ ಅಂತಲೋ?”

“ಬೇಗ. ಪ್ರತಿ ಸಲಾನೂ ಬೇಗ.”

“ಒಂದು ಸಲಾನೂ ತಡ ಅನ್ಲಿಲ್ವಾ?”

“ಇಲ್ಲ ಮಾಮ.”

ಅವನು ಗಿರಾಕಿಗಳಿಗೆ ಆಟ ತೋರಿಸುವ ಯಂತ್ರದ ಮುಂದೆ ಕುಳಿತು ಏನೇನೋ ಒತ್ತಿದ. ಆಮೇಲೆ ನಕ್ಕ. ಆ ನಗು ಕಂಡು ಹುಡುಗಿಗೆ ಮೊದಲ ಸಲ ಉಸಿರು ಸಲೀಸಾಯಿತು.

“ನಡುಗೋ ಕೈ ಒಮ್ಮೆ ಬೇಗ ಒತ್ತತ್ತೆ, ಒಮ್ಮೆ ತಡ ಒತ್ತತ್ತೆ,” ಎಂದ ಮಾಮ. “ಎಲ್ಲಾನೂ ಒಂದೇ ಅಳತೇಲಿ ತಪ್ಪಿದೆ ಅಂದ್ರೆ ತಪ್ಪು ಕೈಯದ್ದಲ್ಲ, ಯಂತ್ರದ್ದು. ಸದ್ದಿಗೂ ಗುಂಡಿಗೂ ತಾಳ ಹೊಂದಿಸೋ ಅಳತೆ, ಎಲ್ಲಾ ಆಟಕ್ಕೂ ಒಂದೇ, ಈ ಯಂತ್ರದಲ್ಲಿ ಯಾವಾಗ್ಲೂ ಸೊನ್ನೆ ಇರತ್ತೆ. ಇವತ್ತು ಯಾರೋ ಇನ್ನೂರು ಮಿಲಿಸೆಕೆಂಡಿಗೆ ಏರಿಸಿದಾರೆ.”

“ಯಾಕೆ?” ಯಜಮಾನರು ಕೇಳಿದರು.

“ತಂತಿ ಇಲ್ಲದ ಹೆಡ್‌ಫೋನಲ್ಲಿ ಸದ್ದು ಚೂರು ತಡವಾಗಿ ಕೇಳತ್ತೆ. ಅದಕ್ಕೆ ಹೊಂದಿಸ್ಕೊಳ್ಳದೆ ತಾಳದ ಆಟ ಆಡಕ್ಕಾಗಲ್ಲ. ಹಾಗೆ ಹೊಂದಿಸಿದ್ಮೇಲೆ ಸ್ಪೀಕರಲ್ಲಿ ಕೇಳಿ ಸರಿಯಾಗಿ ಒತ್ತಿದ್ರೂ ಯಂತ್ರ ಬೇಗ ಅನ್ನತ್ತೆ. ಅಂಗಡಿ ತೆರೆದಿದ್ದಾಗ ಸ್ಪೀಕರ್ ಇರತ್ತೆ, ಹೆಡ್‌ಫೋನ್ ಯಾರಿಗೆ ಬೇಕು? ಅಂಗಡಿ ತೆರೆಯೋ ಮುಂಚೆ, ಮಹಡಿ ಮೇಲಿರೋ ಮಗನಿಗೆ ಕೇಳಿಸ್ಬಾರ್ದು ಅನ್ನೋರಿಗೆ ಬೇಕು.”

ಯಜಮಾನರ ಕಣ್ಣು ಮಹಡಿಯ ಮೆಟ್ಟಿಲ ಕಡೆ ಹೊರಳಿತು.

“ಈ ಹುಡುಗಿ ಇವತ್ತು ಮುಂಚೆ ಬಂದ್ಲು. ಆಡ್ತಿದ್ದೋರಿಗೆ ಗಾಬರಿ. ಡಿಸ್ಕ್ ತೆಗೆದ್ರು, ಅಳತೆ ವಾಪಸ್ ಸೊನ್ನೆಗೆ ಇಳಿಸೋದು ಮರೆತ್ರು. ಎಲ್ಲಿಡ್ಬೇಕು? ನಮ್ಮಲ್ಲಿ ಕೆಲ್ಸ ಮಾಡೋರು ಯಾರಾದ್ರೂ ಲಕೋಟೆಗೆ ಹಾಕ್ತಿದ್ರು. ಗಾಬರೀಲಿ ಮನೆ ನಡೆಸೋ ಕೈ ಮಾತ್ರ ಡಬ್ಬಿ ವಸ್ತುನ ಡಬ್ಬಿಗೇ ಹಾಕತ್ತೆ. ಹಾಕಿದೋರು ಜಾಗಾನೂ ಹೇಳಿದ್ರು, ಹಿಂದಿನ ಕೋಣೆಗೂ ಕೇಳಿಸ್ತು. ನೀವೇ ಕೇಳಿಸ್ಕೊಳ್ಲಿಲ್ಲ.”

ಕ್ಯಾಷಿಯರ್ ಅಕ್ಕ ಕಪಾಟಿನ ಮೇಲಿನ ಸಾಲಿನಿಂದ ಆನೆಗಳ ಡಬ್ಬಿ ಇಳಿಸಿ ತೆರೆದಳು. ಡಿಸ್ಕ್ ಅಲ್ಲೇ ಇತ್ತು.

“ಅಮ್ಮಾ!” ಯಜಮಾನರು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು.

ದೊಡ್ಡಮ್ಮ ಇಳಿದು ಬಂದರು. ತೆರೆದ ಡಬ್ಬಿ ನೋಡಿದರು, ಹುಡುಗಿಯ ಕೆಂಪು ಕಣ್ಣು ನೋಡಿದರು.

“ಇವಳ ಮೇಲೆ ಹಾಕಿದ್ರಾ? ಅಯ್ಯೋ ನನ್ನ ಬುದ್ಧಿಗಿಷ್ಟು! ಹೌದು ಕಣೋ, ನಾನೇ. ದಿನಾ ಬೆಳಿಗ್ಗೆ ಆಡಿ ಎಲ್ಲಾ ಮೊದಲಿದ್ದ ಹಾಗೇ ಇಡ್ತೀನಿ. ಇವತ್ತು ಮಾರಾಟ ಆಗ್ಬಿಡತ್ತಲ್ಲ, ಕೊನೇ ಸಲ ಅಂತ ಕೂತೆ. ಹದಿನೇಳನೇ ಆನೆ ದಾಟಕ್ಕೇ ಆಗ್ಲಿಲ್ಲ.”

ಯಜಮಾನರಿಗೆ ನಗು ತಡೆಯಲಾಗಲಿಲ್ಲ. ಕ್ಯಾಷಿಯರ್ ಅಕ್ಕ ಹುಡುಗಿಯ ಭುಜ ಹಿಡಿದು, “ತಪ್ಪಾಯ್ತು ಕಣೇ, ನಾಲಿಗೆ ಉದ್ದ ಮಾಡ್ದೆ,” ಎಂದಳು. ಹುಡುಗಿ ಅಳುತ್ತಲೇ ನಕ್ಕಳು. ಎದೆಯ ಮೇಲಿನ ಬಂಡೆ ಇಳಿದಂತಾಗಿತ್ತು.

ಹನ್ನೆರಡಕ್ಕೆ ಬಂದ ಮೇಷ್ಟ್ರು ಏನೂ ತಿಳಿಯದೆ ಆನೆಗಳನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಯಜಮಾನರು ಕೀಲಿಗೊಂಚಲನ್ನು ಹುಡುಗಿಯ ಅಂಗೈಯಲ್ಲಿಟ್ಟರು.

“ನಾಳೆಯಿಂದ ಇದು ನಿನ್ನ ಹತ್ರಾನೇ ಇರ್ಲಿ. ರಜೆ ಮುಗಿದ್ಮೇಲೂ.”

ಹುಡುಗಿ ಗೊಂಚಲನ್ನು ಎದೆಗೊತ್ತಿಕೊಂಡಳು. ದೊಡ್ಡಮ್ಮನ ಮುಖ ಸಪ್ಪಗಾಯಿತು.

“ಹಾಗಾದ್ರೆ ನಾನು ಬೆಳಿಗ್ಗೆ ಒಳಗೆ ಬರೋದು ಹೇಗೆ?”

“ನಾನು ಇನ್ನೂ ಅರ್ಧ ಗಂಟೆ ಮುಂಚೆ ಬರ್ತೀನಿ ದೊಡ್ಡಮ್ಮ,” ಎಂದಳು ಹುಡುಗಿ. “ಮೊಟ್ಟೆ ಆಟ ಇಬ್ರು ಸೇರಿ ಆಡಿದ್ರೇ ಮಜಾ.”