ಅಮ್ಮನ ಕುರ್ಚಿಗೆ ಕೆಂಪು ಪಟ್ಟಿ

"ಏಳ್ರೀ ಮೇಲೆ! ಮೊದ್ಲು ಏಳಿ ಅಂದೆ!"

ಅವಳು ಕೂಗಿದ ರಭಸಕ್ಕೆ ಕೈಯಲ್ಲಿದ್ದ ನೆನೆಸಿದ ಬೆತ್ತದ ಎಳೆಗಳಿಂದ ನೀರು ಚಿಮ್ಮಿ, ಆ ಮನುಷ್ಯನ ಶರ್ಟೆಲ್ಲ ಒದ್ದೆಯಾಯಿತು. ಅವನು ಮುಳ್ಳು ಚುಚ್ಚಿದವನಂತೆ ದಡಕ್ಕನೆ ಎದ್ದು ನಿಂತ.

"ಕೂತ್ಕೊಳ್ಳಿ ಅಂತ ಒಳಗಡೆಯಿಂದ ಅವ್ರೇ ಹೇಳಿದ್ರು..."

"ಇಷ್ಟೊಂದು ಕುರ್ಚಿ ಬಿದ್ದಿವೆ. ನಿಮಗೆ ಇದೇ ಬೇಕಿತ್ತಾ?"

ಅವನು ಸುತ್ತಲೂ ಕಣ್ಣಾಡಿಸಿದ. ಕೋಣೆ ತುಂಬ ಕುರ್ಚಿಗಳೇನೋ ಇದ್ದವು. ಅಜ್ಜಂದಿರ ಕಾಲದ ತೋಳುಕುರ್ಚಿ, ತೂಗುಕುರ್ಚಿ, ಊಟದ ಮೇಜಿನ ಕುರ್ಚಿ...

"ಬೇರೆ ಯಾವುದಕ್ಕೂ ಸೀಟೇ ಇಲ್ವಲ್ಲ, ಮೇಡಂ," ಎಂದ ಮೆಲ್ಲಗೆ.

ಒಳಗಿನಿಂದ ಚಿಕ್ಕಮ್ಮ ಕಿಸಕ್ಕೆಂದು ನಕ್ಕಿದ್ದು ಕೇಳಿಸಿತು. ಅವಳ ಮೈ ಉರಿದುಹೋಯಿತು!

ಹಳೇ ಕುರ್ಚಿಗಳಿಗೆ ಬೆತ್ತವನ್ನೋ ಹುರಿಯನ್ನೋ ಹೆಣೆದು ಮತ್ತೆ ಜೀವ ಕೊಡುವುದು ಅವಳ ಕಸುಬು. ಅಮ್ಮನಿಂದ ಬಂದ ಕಸುಬು. ಅಮ್ಮ ಹೋದಮೇಲೆ ಹೆಣಿಗೆ ಅವಳದು, ಗಿರಾಕಿಗಳ ಜೊತೆ ಮಾತುಕತೆ ಚಿಕ್ಕಮ್ಮನದು. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತದೆಂದು ಚಿಕ್ಕಮ್ಮ ಅವಳಿಗೆ 'ಮೆಣಸಿನಕಾಯಿ' ಎಂದೇ ಹೆಸರಿಟ್ಟಿದ್ದಳು.

ಕಿಟಕಿ ಪಕ್ಕದ ಆ ಗಿಡ್ಡ ಕುರ್ಚಿ ಅಮ್ಮನದು. ಅದರ ಹುರಿಯ ಸೀಟು ಅಮ್ಮ ಹೆಣೆದ ಕೊನೆಯ ಕೆಲಸ. ಹುರಿ ಕಪ್ಪಾಗಿತ್ತು, ಅಂಚು ಸವೆದಿತ್ತು. ಆದರೂ ಅಮ್ಮನ ಬೆರಳು ಎಳೆದು ಬಿಗಿದ ಹುರಿ ಅದು... ಅದರ ಮೇಲೆ ಅವಳೂ ಕೂರುತ್ತಿರಲಿಲ್ಲ, ಯಾರನ್ನೂ ಕೂರಲು ಬಿಡುತ್ತಿರಲಿಲ್ಲ.

"ಇವ್ರು ಬಡಗಿ ಕಣೇ," ಎನ್ನುತ್ತ ಚಿಕ್ಕಮ್ಮ ಹೊರಬಂದಳು. "ಕಾಲು, ಕೈ ಮುರಿದ ಕುರ್ಚಿಗಳನ್ನ ಇನ್ಮೇಲೆ ಇವ್ರೇ ನೋಡ್ಕೋತಾರೆ. ಬಂದ ದಿನಾನೇ ಓಡಿಸ್ಬೇಡ."

ಬಡಗಿ ಶರ್ಟು ಕೊಡವಿಕೊಂಡ. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಕುರ್ಚಿಯ ಹಿಂದಿನ ಕಾಲು ಅಲ್ಲಾಡ್ತಿದೆ. ಒಳಗೆ ಹುಳ ಹಿಡಿದಿರ್ಬೇಕು."

"ನಿಮ್ಮನ್ನ ಕೇಳಿದೋರು ಯಾರು?"

ಅವನು ಬಗ್ಗಿ ಆ ಕಾಲನ್ನೇ ಇನ್ನೊಮ್ಮೆ ನೋಡಿದ.

'ಎಷ್ಟು ಕೊಬ್ಬು! ಬಂದು ಒಂದು ಗಳಿಗೆ ಆಗಿಲ್ಲ, ಅಮ್ಮನ ಕುರ್ಚಿಗೆ ಕೊಂಕು ಹುಡುಕ್ತಾನೆ!'

ಅವತ್ತೇ ಅವಳು ಅವನಿಗೆ ಕಾರ್ಯಾಗಾರದ ನಿಯಮ ಹೇಳಿದಳು. "ನೋಡಿ, ಪ್ರತಿಯೊಂದಕ್ಕೂ ಬಂದು ನನ್ನ ತಲೆ ತಿನ್ಬೇಡಿ. ಕುರ್ಚಿಯ ಕಾಲಿಗೆ ಕೆಂಪು ಬಟ್ಟೆಪಟ್ಟಿ ಕಟ್ಟಿದ್ರೆ ಹಳೇ ಸೀಟು ಕತ್ತರಿಸಿ, ಜೋಡಣೆ ಬಿಚ್ಚಿ, ರಿಪೇರಿ ಮಾಡಿ. ಪಟ್ಟಿ ಇಲ್ಲ ಅಂದ್ರೆ ಸೀಟು ಮುಟ್ಬೇಡಿ. ಪಟ್ಟಿ ಕಟ್ಟೋದು ನಾನೊಬ್ಳೇ. ಅರ್ಥ ಆಯ್ತಾ?"

"ಆಯ್ತು."

"ಮೇಡಂ ಅನ್ನೋದೂ ಬೇಡ."

"ಮತ್ತೆ ಏನು ಅನ್ಲಿ?"

ಅವಳು ಬೆತ್ತದ ಎಳೆಗಳನ್ನು ಎತ್ತಿಕೊಂಡು ಸರಕ್ಕನೆ ತಿರುಗಿದಳು. ಅದಕ್ಕೂ ಸಿಟ್ಟು ಬಂತು!

*

ತಿಂಗಳುಗಳು ಕಳೆದವು. ಬಡಗಿಯ ಕೆಲಸದಲ್ಲಿ ತಪ್ಪು ಹುಡುಕಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಸಿಗಲಿಲ್ಲ. ಅಲ್ಲಾಡುತ್ತಿದ್ದ ಕುರ್ಚಿ ಅವನ ಕೈಯಿಂದ ಬಂದಾಗ ನೆಲಕ್ಕೆ ಬೇರು ಬಿಟ್ಟಂತೆ ನಿಲ್ಲುತ್ತಿತ್ತು. ಅವಳು ಹೆಣೆಯುವಾಗ ಬೆತ್ತ ಒಣಗದಂತೆ, ಅವಳು ಕೇಳುವ ಮೊದಲೇ ಬಕೆಟ್ಟಿಗೆ ನೀರು ತುಂಬಿಸಿಟ್ಟಿರುತ್ತಿದ್ದ.

ಅವಳು ಎದುರಿಗೆ ಥ್ಯಾಂಕ್ಸ್ ಹೇಳುತ್ತಿರಲಿಲ್ಲ. ಆದರೆ ಅವನ ಉಳಿಯ ಸದ್ದು ನಿಂತರೆ ಕತ್ತೆತ್ತಿ ನೋಡುತ್ತಿದ್ದಳು.

ಆಗಾಗ ಅವನು ಅದೇ ರಾಗ ಎಳೆಯುತ್ತಿದ್ದ. "ಆ ಗಿಡ್ಡ ಕುರ್ಚಿ... ಕಾಲು ಇನ್ನೂ ಸಡಿಲ ಆಗಿದೆ. ಹೀಗೇ ಬಿಟ್ರೆ ಒಂದಿನ ತಾನೇ ಕುಸಿಯುತ್ತೆ."

"ಕುಸೀಲಿ. ಆದ್ರೆ ಅಮ್ಮನ ಸೀಟಿಗೆ ಕತ್ತರಿ ಹಾಕಲ್ಲ."

"ಸರಿ. ನೀವು ಯಾವಾಗ ಹೇಳ್ತೀರೋ ಆವಾಗ," ಎಂದು ಅವನು ತಣ್ಣಗೆ ತನ್ನ ಮೂಲೆಗೆ ಹೋಗುತ್ತಿದ್ದ. ಅವನು ಜಗಳ ಆಡದೇ ಹೋಗುವುದು ಅವಳಿಗೆ ಇನ್ನೂ ಕಿರಿಕಿರಿ ತರುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಚಿಕ್ಕಮ್ಮನ ಮುಂದೆ ಹೇಳುವಳು. "ಆ ಮನುಷ್ಯನಿಗೆ ಸಿಟ್ಟೇ ಬರಲ್ವಾ?"

"ಮನೇಲಿ ಎಲ್ಲರ ಪಾಲಿಂದೂ ನಿನ್ ಹತ್ರಾನೇ ಇದೆಯಲ್ಲ," ಎಂದು ಚಿಕ್ಕಮ್ಮ ಬಾಯಿ ಮುಚ್ಚಿಸುವಳು.

ಹೀಗಿರುವಾಗ ಒಂದು ಬೆಳಗ್ಗೆ, ಮಾರುಕಟ್ಟೆಗೆ ಹೋಗಿ ಹುರಿಯ ಉಂಡೆಗಳನ್ನು ಹೊತ್ತು ವಾಪಸ್ ಬಂದಳು. ಬಾಗಿಲಲ್ಲೇ ಕಾಲು ಕಟ್ಟಿದಂತೆ ನಿಂತುಬಿಟ್ಟಳು.

ಬಡಗಿಯ ಮೇಜಿನ ಮೇಲೆ ಅಮ್ಮನ ಕುರ್ಚಿ! ಅವನ ಕೈಯಲ್ಲಿ ಚಾಕು. ಸೀಟಿನ ಮುಂದಿನ ಅಂಚಿನ ಹುರಿಗಳೆಲ್ಲ ಕತ್ತರಿಸಿಹೋಗಿ ಕೆಳಗೆ ಜೋತಾಡುತ್ತಿದ್ದವು...

ಕೈಯಲ್ಲಿದ್ದ ಉಂಡೆಗಳು ಉರುಳಿ ರಸ್ತೆವರೆಗೂ ಹೋದವು.

"ಏನ್ ಮಾಡಿದ್ರಿ... ಏನ್ ಮಾಡಿಬಿಟ್ರಿ!"

ಅವನು ತಿರುಗಿದ. ಮುಖದಲ್ಲಿ ನಗು ಇತ್ತು! ಅವಳ ಮುಖ ನೋಡಿದ್ದೇ ಆ ನಗು ಆರಿತು. ಅವನು ಕುರ್ಚಿಯ ಕಾಲನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಮೆಲ್ಲಗೆ ಕೈ ಚಾಚಿ ಆ ಕಾಲಿನ ಬಳಿಯಿಂದ ಏನನ್ನೋ ಬಿಚ್ಚಿ ಮುಷ್ಟಿಯಲ್ಲಿ ಮುಚ್ಚಿಕೊಂಡ. ಕಣ್ತುಂಬ ನೀರು ತುಂಬಿದ್ದ ಅವಳಿಗೆ ಅದು ಕಾಣಲಿಲ್ಲ.

"ತಪ್ಪಾಯ್ತು," ಎಂದ.

"ತಪ್ಪಾಯ್ತಾ? ಅಷ್ಟೇನಾ? ನನ್ನ ಅಮ್ಮನ ಕೈ ಇತ್ತು ರೀ ಅದ್ರಲ್ಲಿ! ಬೇಡ ಬೇಡ ಅಂತ ಬಾಯಿ ಬಡ್ಕೊಂಡೆ. ನಾನು ಅತ್ತ ಹೋಗೋದನ್ನೇ ಕಾಯ್ತಿದ್ರಾ?"

"ಇಲ್ಲ... ತಪ್ಪು ನಂದೇ. ಕ್ಷಮಿಸಿ."

"ಹೊರಗೆ ಹೋಗಿ! ನಿಮ್ಮ ಮುಖ ನೋಡಿದ್ರೆ ಮೈ ಉರಿಯುತ್ತೆ!"

ಬೇರೆ ಯಾರಾದರೂ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. 'ಇವನನ್ನ ನಂಬಿದೆ... ನಂಬಿದ್ದು ಸಾಲದು ಅಂತ ಇಷ್ಟಾನೂ ಪಟ್ಟೆ! ನನ್ನಂಥ ಪೆದ್ದಿ ಇನ್ಯಾರಿದಾರೆ?'

*

ಒಪ್ಪಿಕೊಂಡ ಕೆಲಸ ಮುಗಿಸಿಕೊಟ್ಟು ಹೋಗಲಿ ಎಂದು ಚಿಕ್ಕಮ್ಮ ಪಟ್ಟು ಹಿಡಿದಳು. ಈ ಗಲಾಟೆಗೂ ಮುಂಚೆಯೇ ನಿವೃತ್ತ ನರ್ಸಮ್ಮ ಒಬ್ಬರು ತವರಿನಿಂದ ಬಂದ ಊಟದ ಕುರ್ಚಿಗಳನ್ನು ತಂದು ಕೊಟ್ಟಿದ್ದರು. ಅವು ಮುಗಿಯುವವರೆಗೆ ಅವನು ಇರಬೇಕು.

ಅವನಿದ್ದ. ಅವಳು ಅವನ ಜೊತೆ ಒಂದು ಮಾತೂ ಆಡಲಿಲ್ಲ. ಎದುರೆದುರು ಕೂತಿದ್ದರೂ ಎಲ್ಲವೂ ಚಿಕ್ಕಮ್ಮನ ಮೂಲಕವೇ.

"ಚಿಕ್ಕಮ್ಮ, ಸುತ್ತಿಗೆ ಸದ್ದು ಕಡಿಮೆ ಮಾಡೋಕೆ ಹೇಳು ಅವ್ರಿಗೆ."

"ಅವ್ರಿಗೆ ಕಿವಿ ಇದೆ ಕಣೇ, ನೀನೇ ಹೇಳು."

"ಕಿವಿ ಇದ್ದಿದ್ರೆ ನಾನು ಬೇಡ ಅಂದಿದ್ದು ಕೇಳಿಸ್ತಿತ್ತು!"

ಅವನು ಸುತ್ತಿಗೆ ಕೆಳಗಿಟ್ಟ. ಒಂದೇ ಒಂದು ಸಲವೂ ತಿರುಗಿ ವಾದ ಮಾಡಲಿಲ್ಲ. ಅದೇ ಅವಳ ಹೊಟ್ಟೆಗೆ ಇನ್ನಷ್ಟು ಬೆಂಕಿ ಹಚ್ಚುತ್ತಿತ್ತು. 'ಒಂದು ಕಾರಣನಾದ್ರೂ ಹೇಳ್ಬಾರ್ದಾ? ಸುಳ್ಳಾದ್ರೂ ಸರಿ!'

ಅಮ್ಮನ ಕುರ್ಚಿಗೆ ಒಂದು ಬಿಳಿ ಬಟ್ಟೆ ಹೊದಿಸಿ ಮೂಲೆಗೆ ಇಟ್ಟಿದ್ದಳು. ಅದರ ಕಡೆ ನೋಡುವ ಧೈರ್ಯ ಅವಳಿಗಿರಲಿಲ್ಲ.

ಅವನು ಸೀಟು ಕತ್ತರಿಸಿ ಮುಂದಿಟ್ಟ ಕುರ್ಚಿಗಳನ್ನಷ್ಟೇ ಅವಳು ತಲೆಯೆತ್ತದೆ ಹೆಣೆದಳು, ಉಳಿದದ್ದರ ಕಡೆ ನೋಡಲೂ ಇಲ್ಲ. ಕೊನೆಗೆ ನರ್ಸಮ್ಮನ ಕುರ್ಚಿಗಳು ಗಾಡಿ ಹತ್ತಿ ಹೋದವು. ಬಡಗಿ ತನ್ನ ಉಳಿ, ಕೊಡತಿಗಳನ್ನು ಚೀಲಕ್ಕೆ ತುಂಬಿಸತೊಡಗಿದ. ಅಷ್ಟರಲ್ಲಿ ನರ್ಸಮ್ಮನ ಫೋನ್ ಬಂತು.

"ಏನಮ್ಮಾ, ಒಂದು ಕುರ್ಚಿಗೆ ಹಳೇ ಸೀಟೇ ಇದೆಯಲ್ಲ! ಕೈ ಇಟ್ರೆ ಬೆರಳು ಕೆಳಗೆ ಹೋಗುತ್ತೆ. ನಾನು ಫೋನಲ್ಲಿ ಬಿಡಿಸಿ ಬಿಡಿಸಿ ಹೇಳಿದ್ನಲ್ಲ, ತೋಳು ಇರೋದನ್ನೂ ಹೊಸದು ಮಾಡು ಅಂತ? ನೀನು 'ಕಟ್ತಿದ್ದೀನಮ್ಮ, ಈಗಲೇ ಪಟ್ಟಿ ಕಟ್ತಿದ್ದೀನಿ' ಅಂದೆ..."

ಅವಳಿಗೆ ನಖಶಿಖಾಂತ ಸಿಟ್ಟು ಬಂತು. ಫೋನ್ ಇಟ್ಟವಳೇ ನೇರ ಅವನ ಮುಂದೆ ಹೋಗಿ ನಿಂತಳು. ಮೌನವ್ರತವೆಲ್ಲ ಗಾಳಿಗೆ ಹೋಯಿತು.

"ನಿಮಗೇನು ಕಣ್ಣಿಲ್ವಾ? ಕತ್ತರಿಸ್ಬಾರ್ದದ್ದು ಕತ್ತರಿಸ್ತೀರಿ, ಕತ್ತರಿಸ್ಬೇಕಾದ್ದು ಬಿಡ್ತೀರಿ! ತೋಳಿನ ಕುರ್ಚಿಗೆ ಕೆಂಪು ಪಟ್ಟಿ ಕಟ್ಟಿದ್ದೆ ನಾನು!"

"ಅದಕ್ಕೆ ಪಟ್ಟಿ ಇರ್ಲಿಲ್ಲ."

"ಇತ್ತು! ನನ್ನ ಕೈಯಾರೆ ಕಟ್ಟಿದ್ದೀನಿ! ನರ್ಸಮ್ಮನ ಜೊತೆ ಮಾತಾಡ್ತಾ ಮಾತಾಡ್ತಾನೇ..."

ಗಂಟು ಹಾಕಿದ ರೀತಿ ತೋರಿಸಲು ಅವಳ ಕೈ ಮೇಲೆದ್ದಿತು.

ಮಾತಾಡುತ್ತ... ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು... ಕುರ್ಚಿಯ ಕಡೆ ನೋಡದೆ... ಗಂಟು ಹಾಕಲು ತನ್ನ ಕೈಗೆ ಕಣ್ಣು ಬೇಕಿಲ್ಲ ಎಂದು ಜಂಬ ಪಡುತ್ತಿದ್ದವಳು ಅವಳೇ ಅಲ್ಲವೇ? ಮಾರುಕಟ್ಟೆಗೆ ಹೋದ ಆ ಬೆಳಗ್ಗೆ ಚಿಕ್ಕಮ್ಮ ನೆಲ ಒರೆಸಲೆಂದು ಕಿಟಕಿ ಪಕ್ಕದ ಸಾಮಾನುಗಳನ್ನೆಲ್ಲ ಇತ್ತ ಸರಿಸಿದ್ದಳು; ಕೈ ಒದ್ದೆಯೆಂದು ನರ್ಸಮ್ಮನ ಫೋನನ್ನೂ ಇವಳ ಕೈಗೇ ಕೊಟ್ಟಿದ್ದಳು. ನರ್ಸಮ್ಮನ ಕುರ್ಚಿಗಳ ಸಾಲಿನ ತುದಿಯಲ್ಲಿ ನಿಂತಿದ್ದದ್ದು...

ಅವಳು ಮೂಲೆಯಲ್ಲಿದ್ದ ಬಿಳಿ ಬಟ್ಟೆಯ ಕಡೆ ತಿರುಗಿದಳು.

"ಆ ಪಟ್ಟಿ ಎಲ್ಲಿ?" ಧ್ವನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು.

ಅವನು ಚೀಲದ ಬಾಯಿ ಕಟ್ಟತೊಡಗಿದ.

"ಎಲ್ಲಿ ರೀ ಆ ಪಟ್ಟಿ?"

ಅವನು ಜೇಬಿಗೆ ಕೈ ಹಾಕಿದ. ಅಂಗೈ ಬಿಚ್ಚಿದ. ಮುದುಡಿಹೋದ ಕೆಂಪು ಬಟ್ಟೆ. ಅದರಲ್ಲಿ ಅವಳೇ ಹಾಕುವ ಜೋಡಿಗಂಟಿನ ಸುಕ್ಕು ಇನ್ನೂ ಹಾಗೇ ಇತ್ತು.

"ಅಮ್ಮನ ಕುರ್ಚಿಗೆ ನಾನೇ..."

ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಅವನು ಎದುರಿಗೆ ಮಂಡಿಯೂರಿದ.

"ಅವತ್ತು ಬೆಳಗ್ಗೆ ಪಟ್ಟಿ ನೋಡ್ದೆ. ಕೊನೆಗೂ ನನ್ನ ಮಾತಿಗೆ ಬೆಲೆ ಕೊಟ್ರು, ಅಮ್ಮನ ಕುರ್ಚಿನೇ ನನ್ನ ಕೈಗೆ ಒಪ್ಪಿಸಿದ್ರು ಅಂದ್ಕೊಂಡೆ. ಎಷ್ಟು ಖುಷಿಯಾಯ್ತು ಗೊತ್ತಾ? ಅದೇ ಖುಷಿಲಿ ಚಾಕು ತಗೊಂಡೆ. ನೀವು ಬಂದಾಗ ಗೊತ್ತಾಯ್ತು, ಒಪ್ಸಿಲ್ಲ ಅಂತ..."

"ಮತ್ತೆ ಯಾಕೆ ಹೇಳ್ಲಿಲ್ಲ? ಇಷ್ಟು ದಿನ ನಾಯಿಗೆ ಬೈದ ಹಾಗೆ ಬೈದೆನಲ್ಲ! ಈ ಪಟ್ಟಿ ಎತ್ತಿ ನನ್ನ ಮುಖಕ್ಕೆ ಹಿಡೀಬೇಕಿತ್ತು!"

"ನನ್ನ ಮೇಲೆ ಕೋಪ ಇದ್ರೆ ಬೈದು ಹಗುರ ಆಗ್ತೀರಿ. ನಿಮ್ಮ ಮೇಲೆ ನಿಮಗೇ ಕೋಪ ಬಂದ್ರೆ, ಅದನ್ನ ಎಲ್ಲಿ ಇಡ್ತೀರಿ? ಅದಕ್ಕೇ..."

ಅವಳು ಸರಕ್ಕನೆ ತಲೆಯೆತ್ತಿದಳು. ಕೆನ್ನೆಯ ಮೇಲೆ ಕಣ್ಣೀರು, ಕಣ್ಣಲ್ಲಿ ಕೆಂಡ!

"ಅದನ್ನ ತೀರ್ಮಾನ ಮಾಡೋಕೆ ನೀವ್ಯಾರ್ರೀ? ಕುರ್ಚಿ ನನ್ನ ಅಮ್ಮಂದು. ತಪ್ಪು ನಂದು. ಅಳ್ಬೇಕಾದವಳೂ ನಾನೇ! ನಾನೇನು ಗಾಜಿನ ಗೊಂಬೆನಾ, ಮುಟ್ಟಿದ್ರೆ ಒಡೆದುಹೋಗೋಕೆ? ನನ್ನ ಕೈಲಿ ಅನ್ಯಾಯ ಮಾಡಿಸಿ, ನೀವು ದೊಡ್ಡ ತ್ಯಾಗಿ ಆಗಿ ಚೀಲ ಹೆಗಲಿಗೇರಿಸಿ ಹೋಗ್ತಿದ್ರಾ?"

ಅವನು ಚೀಲವನ್ನು ಪಕ್ಕಕ್ಕೆ ಸರಿಸಿದ.

"ನೀವು ಹೇಳೋದು ಸರಿ. ನಿಮಗೆ ಹೇಳ್ಬೇಕಿತ್ತು. ಇದು ಮಾತ್ರ ನಿಜವಾಗ್ಲೂ ನನ್ನ ತಪ್ಪು."

"ಹೌದು, ನಿಮ್ದೇ!"

"ಇನ್ನೊಂದು ಕೇಳಿದ್ರಿ... ನಾನ್ಯಾರು ಅಂತ," ಎನ್ನುತ್ತ ಪಟ್ಟಿಯನ್ನು ಮತ್ತೆ ಜೇಬಿಗೆ ಸೇರಿಸಿದ. "ಯಾರೂ ಅಲ್ಲ. ಆದ್ರೆ ನಿಮಗೆ ಯಾರಾದ್ರೂ ಆಗ್ಬೇಕು ಅಂತ ತುಂಬ ಆಸೆ ಇತ್ತು. ನೀವು ಶರ್ಟಿನ ಮೇಲೆ ನೀರು ಚೆಲ್ಲಿದ ದಿನದಿಂದ."

ಅವಳ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ಉಳಿಯಿತು. ಸಿಟ್ಟೋ, ನಾಚಿಕೆಯೋ, ದುಃಖವೋ, ಅವಳಿಗೇ ಬೇರೆ ಮಾಡಲು ಆಗಲಿಲ್ಲ.

"ಇದನ್ನೂ ಇಷ್ಟು ದಿನ ಮುಚ್ಚಿಟ್ರಿ! ನಿಮಗೆ ಬಾಯಿ ಇರೋದು ಯಾಕೆ?" ಎಂದು ಅವನ ಹೆಗಲಿಗೆ ಗುದ್ದಿದಳು. ಗುದ್ದಿದ ಕೈಯನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

*

ಮರುದಿನ ಅವಳೇ ಬಿಳಿ ಬಟ್ಟೆ ಸರಿಸಿದಳು.

"ಉಳಿದದ್ದು ಕತ್ತರಿಸೋದು ಬೇಡ. ಬಿಚ್ಚೋಣ. ಅಮ್ಮ ಹೇಗೆ ಸುತ್ತಿದ್ಲೋ ಹಾಗೇ ತಿರುಗಿಸಿ ಬಿಚ್ಚೋಣ. ಅದೇ ಹುರೀನ ಮತ್ತೆ ಹೆಣೀತೀನಿ. ತುಂಡಾದದ್ದಕ್ಕೆ ಕೆಳಗಡೆ ಗಂಟು ಹಾಕಿದ್ರಾಯ್ತು."

ಒಂದೊಂದೇ ಸುತ್ತು ಬಿಚ್ಚುತ್ತ ಹೋದರು. ಹುರಿಯ ಎರಡು ಪದರದ ನಡುವೆ, ಸೀಟು ಗಟ್ಟಿಯಾಗಿರಲೆಂದು ಬಟ್ಟೆ ತುರುಕುವುದು ಎಲ್ಲ ಹೆಣಿಗೆಯವರ ರೂಢಿ. ಅಮ್ಮ ತುರುಕಿದ್ದ ಬಟ್ಟೆ ಹೊರಬಂತು. ಹಳದಿ ಬಣ್ಣ, ಸಣ್ಣ ಸಣ್ಣ ನೀಲಿ ಹೂವು...

"ಇದು ನನ್ನ ಫ್ರಾಕು! ಇದಕ್ಕೋಸ್ಕರ ಮನೆಯೆಲ್ಲ ಉರುಳಾಡಿ ಅತ್ತಿದ್ದೆ. ಚಿಕ್ಕದಾಯ್ತು, ಯಾರಿಗೋ ಕೊಟ್ಬಿಟ್ಟೆ ಅಂದಿದ್ಲು ಅಮ್ಮ! ಇಷ್ಟು ವರ್ಷ ಎತ್ತಿಟ್ಟಿದ್ದು, ತನ್ನ ಕುರ್ಚಿಲಿ ಬಚ್ಚಿಟ್ಕೊಂಡಿದ್ದಾಳೆ! ನೋಡು ಚಿಕ್ಕಮ್ಮ, ಎಂಥ ಸುಳ್ಳಿ ನಿಮ್ಮಕ್ಕ!"

ಬೈಯುತ್ತಲೇ ಅವಳು ಫ್ರಾಕನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿದಳು. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಹುಳ ತಿಂದ ಕಾಲಿಗೆ ಬಡಗಿ ಹೊಸ ಮರ ಕೂರಿಸಿದ. ಅಂಟು ಒಣಗಿದ ಮೇಲೆ ಇಬ್ಬರೂ ಕುರ್ಚಿಯ ಆಚೆ ಈಚೆ ಕೂತರು. ಅವಳು ಹುರಿ ಎಳೆದು ಸುತ್ತಿದಳು, ಅದು ಸಡಿಲಾಗದಂತೆ ಅವನು ಹಿಡಿದುಕೊಂಡ. ಫ್ರಾಕನ್ನು ಮೊದಲಿದ್ದ ಜಾಗಕ್ಕೇ ತುರುಕಿದಳು. ಆಮೇಲೆ ಕೈ ಚಾಚಿದಳು.

"ಕೊಡಿ ಅದನ್ನ."

"ಯಾವುದನ್ನ?"

"ಜೇಬಲ್ಲಿ ಇಟ್ಕೊಂಡು ತಿರುಗ್ತಿದ್ದೀರಲ್ಲ, ಅದನ್ನ."

ಕೆಂಪು ಪಟ್ಟಿಯನ್ನು ಫ್ರಾಕಿನ ಪಕ್ಕಕ್ಕೇ ಒತ್ತಿ ಇಟ್ಟು, ಅದರ ಮೇಲೆ ಕೊನೆಯ ಸುತ್ತು ಬಿಗಿದು ಗಂಟು ಹಾಕಿದಳು. ಈ ಸಲ ಕಣ್ಣು ಬಿಟ್ಟು, ನೋಡಿಕೊಂಡೇ ಹಾಕಿದಳು.

"ಈಗ ಕೂತ್ಕೊಳ್ಳಿ," ಎಂದಳು.

"ನಾನಾ? ಇದ್ರ ಮೇಲಾ?"

"ಅವತ್ತು ಏಳಿಸಿದ್ನಲ್ಲ. ಇವತ್ತು ನಾನೇ ಹೇಳ್ತಿದ್ದೀನಿ, ಕೂತ್ಕೊಳ್ಳಿ."

ಅವನು ಉಸಿರು ಬಿಗಿಹಿಡಿದು ಕೂತ. ಕುರ್ಚಿ ಕಿರ್ ಎನ್ನಲಿಲ್ಲ, ಅಲ್ಲಾಡಲಿಲ್ಲ.

"ಮತ್ತೆ ಯಾವತ್ತಾದ್ರೂ ಏಳು ಅಂತೀಯಾ, ಮೆಣಸಿನಕಾಯಿ?"

ಅವನ ಬಾಯಲ್ಲಿ ಆ ಹೆಸರು ಮೊದಲ ಸಲ! ಅವಳು ಸಿಟ್ಟು ಮಾಡಿಕೊಳ್ಳಲು ನೋಡಿದಳು. ಮುಖ ಮಾತು ಕೇಳಲಿಲ್ಲ.

"ಅಂತೀನಿ," ಎಂದಳು ಮೆಲ್ಲಗೆ. "ನಂಗೂ ಕೂರ್ಬೇಕು ಅನ್ಸಿದಾಗ."