ಹಿಮ್ಮಡಿ ಊರಬ್ಯಾಡ್ರಿ, ಅಕ್ಕಾರ

ಬೆಳಗಾವಿ ಹಿಂದವಾಡಿಯ ತ್ರಿಶಲಾ ಅಕ್ಕಾರ ಮನೆಯ ಪಡಸಾಲೆಯಲ್ಲಿ ಆ ಸಂಜೆ ಮಾತು ಪಕ್ಕಾ ಆಯಿತು. ಚಾರಣ ಬಳಗದ ಮೂವರು ಉತ್ತರಾಖಂಡದ ಔಲಿಗೆ ಹೋಗುವುದು, ಹಿಮದ ಮೇಲೆ ಸ್ಕೀ ಕಲಿಯುವುದು, ಕೊನೆಯ ದಿನ ಮೇಲಿನ ಹುಲ್ಲುಗಾವಲಿನಿಂದ ಕೆಳಗಿನ ಬಿಡಾರದವರೆಗೆ ಜಾರಿಕೊಂಡು ಇಳಿಯುವುದು. ಬಳಗದವರೆಲ್ಲ ಚಪ್ಪಾಳೆ ತಟ್ಟಿದರು.

“ಬಿದ್ದು ಎದ್ದು ಬಂದ್ರ ನಡಿಯೂದಿಲ್ಲ. ನಿಂತಕೊಂಡ ಇಳಿಬೇಕು,” ಎಂದಳು ತ್ರಿಶಲಾ.

ಅವಳಿಗೆ ಹಾಗೆ ಹೇಳುವ ಹಕ್ಕಿತ್ತು ಅನ್ನಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಶಿಕ್ಷಕಿ. ಅದಕ್ಕೇ ಊರಿಗೆಲ್ಲ ಅಕ್ಕಾರು. ಐವತ್ತು ಹತ್ತಿರ ಬಂದರೂ ಮೊಣಕಾಲಿಗೆ ನೋವಿಲ್ಲ, ನಾಲಿಗೆಗೆ ಲಗಾಮಿಲ್ಲ. ಖಾನಾಪುರದ ಕಾಡಿನಲ್ಲಿ, ಜಾಂಬೋಟಿ ಕಡೆಯ ಕೆಂಪು ಕೆಸರಿನ ಇಳಿಜಾರುಗಳಲ್ಲಿ ಎಷ್ಟೋ ಮಳೆಗಾಲ ಓಡಾಡಿಯೂ ಒಮ್ಮೆಯೂ ಬಿದ್ದವಳಲ್ಲ. ‘ಹಿಮ್ಮಡಿ ಊರು, ಬೆನ್ನು ಗುಡ್ಡಕ್ಕ ಕೊಡು’ ಎಂಬುದು ಅವಳ ಮಂತ್ರ. ಇನ್ನೊಂದು ನಿಯಮವೂ ಇತ್ತು: ನಿಧಾನ ನಡೆಯುವವರು ಮುಂದೆ, ಲೀಡರ್ ಎಲ್ಲರ ಹಿಂದೆ. ಕಾಡಿನಲ್ಲಿ ಯಾರೂ ಒಂಟಿಯಾಗಿ ಉಳಿಯಬಾರದು.

ಹೊರಡುವ ಮುನ್ನ ಒಂದು ವಿಘ್ನ ಬಂತು. ಮೂರನೆಯವನಾದ ಆಶಿಶ್ ಬೈಕಿನಿಂದ ಬಿದ್ದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ. ಆಟೋ ನಗರದಲ್ಲಿ ಲೇಥ್ ಮಷಿನ್ ಇಟ್ಟಿರುವ ಅವಧೂತ, ಇವನು ಎರಡನೆಯವನು, ತಕ್ಷಣ ಹೇಳಿದ: “ನಮ್ಮ ತಂಗೀ ಮಗಳು ತನ್ಮಯಿ ಬರ್ತಾಳ್ರಿ.”

“ಯಾರು, ಆ ಕೆಸರಾಗ ಕುಂತ ಜಾರಿದಾಕಿನ?”

“ಅಕೀನ,” ಎಂದ ಅವಧೂತ, ನಗದೆ.

ಹಿಂದಿನ ಮಳೆಗಾಲದ ಮಾತು ಅದು. ತನ್ಮಯಿ ಪಾರಿಶ್ವಾಡದ ಹುಡುಗಿ, ಮಾಮಾನ ಲೇಥ್ ಅಂಗಡಿಯ ಆಫೀಸು ನೋಡಿಕೊಂಡು ಬೆಳಗಾವಿಯಲ್ಲಿದ್ದಳು. ಬಳಗದೊಂದಿಗೆ ಮೊದಲ ಸಲ ಕಾಡಿಗೆ ಬಂದಿದ್ದಳು. ಕೆಂಪು ಇಳಿಜಾರು ನೋಡಿ ಹೆದರಿ, ಹಿಮ್ಮಡಿ ಊರಲು ಬಾರದೆ, ತಟ್ಟನೆ ಕುಳಿತು ಜಾರಿಬಿಟ್ಟಳು. ತ್ರಿಶಲಾ ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿ, ಎಲ್ಲರ ಮುಂದೆ ಅಂದಳು: “ಕುಂತ ಇಳಿಯೋ ಎಮ್ಮಿಗೆ ನಮ್ಮ ಬಳಗದಾಗ ಜಾಗಾ ಇಲ್ಲ. ಹೋಗಿ ಚೌಕಿ ಮುಂದ ಕುಂದರು.” ಎಲ್ಲರೂ ಹೋ ಎಂದು ನಕ್ಕರು. ಬಳಗ ಜಲಪಾತ ನೋಡಿ ಬರುವವರೆಗೆ ತನ್ಮಯಿ ಅರಣ್ಯ ಇಲಾಖೆಯ ಚೌಕಿಯ ಬೆಂಚಿನ ಮೇಲೆ ಕೆಸರು ಒರೆಸಿಕೊಳ್ಳುತ್ತ ಒಬ್ಬಳೇ ಕುಳಿತಿದ್ದಳು. ಲೀಡರ್ ಎಲ್ಲರ ಹಿಂದೆ ಎಂಬ ನಿಯಮ ಅಂದು ಯಾರಿಗೂ ನೆನಪಾಗಲಿಲ್ಲ. ನಿಯಮ ಮಾಡಿದವಳಿಗೂ ಆಗಲಿಲ್ಲ.

ಮೂವರಿಲ್ಲದಿದ್ದರೆ ಔಲಿಯಲ್ಲಿ ತಂಡ ತೆಗೆದುಕೊಳ್ಳುವುದಿಲ್ಲ. ತ್ರಿಶಲಾ ಒಲ್ಲದ ಮನಸ್ಸಿನಿಂದ ಒಪ್ಪಿದಳು.

ದಿಲ್ಲಿಯವರೆಗೆ ರೈಲು, ಅಲ್ಲಿಂದ ಬಸ್ಸು. ಹೃಷಿಕೇಶ ದಾಟಿದ ಮೇಲೆ ಗಂಗೆ ಹಸಿರಾಗಿ ಕೆಳಗೆ ಇಳಿಯುತ್ತ ಹೋದಳು, ರಸ್ತೆ ಬೆಟ್ಟದ ಪಕ್ಕೆಗೆ ಅಂಟಿಕೊಂಡು ಮೇಲೇರಿತು. ಜೋಶಿಮಠದಿಂದ ಮೇಲೆ ಹೋಗುವಾಗ ಮೊದಲು ದೇವದಾರು ಮರಗಳ ಕೆಳಗೆ ಅಲ್ಲಲ್ಲಿ ಬಿಳಿ ತೇಪೆ ಕಂಡವು, ಆಮೇಲೆ ರಸ್ತೆಯ ಎರಡೂ ಬದಿಗೆ ಬಿಳಿ ಗೋಡೆ, ಕೊನೆಗೆ ಎಲ್ಲೆಲ್ಲೂ ಬಿಳಿಯೇ. ಎದುರಿಗೆ ನಂದಾದೇವಿ ಶಿಖರ ಬಿಸಿಲಲ್ಲಿ ನಿಂತಿತ್ತು. ಜೋಳದ ಖಡಕ್ ರೊಟ್ಟಿ ಮುರಿಯುತ್ತಿದ್ದ ಅವಧೂತನ ಕೈ ಅಲ್ಲಿಯೇ ನಿಂತಿತು. “ಅರೇ ದೇವಾ, ಇಷ್ಟ ದೊಡ್ಡದು ಇರ್ತದಂತ ಯಾರೂ ಹೇಳಿರಲಿಲ್ಲಲ್ಲೋ!” ಎಂದ.

ಮರುದಿನ ಬೆಳಿಗ್ಗೆ ಪಾಠ ಶುರುವಾಯಿತು. ಕಲಿಸುವವರು ಅಲ್ಲಿಯವರೇ, ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಕಲ್ಲಿನಂತೆ ಗಟ್ಟಿಯಾದ ಬೂಟು, ಅದಕ್ಕೆ ಕಚ್ಚಿಕೊಂಡ ಉದ್ದನೆಯ ಎರಡು ಹಲಗೆ, ಕೈಗೆರಡು ಕೋಲು. ಉಸ್ತಾದ್ ಹೇಳಿದ್ದು ಇಷ್ಟೇ: ಮೊಣಕಾಲು ಮಡಚಿ, ಮೈ ಮುಂದಕ್ಕೆ ಬಾಗಿಸಿ. ನಿಲ್ಲಬೇಕಾದರೆ ಸ್ಕೀಗಳ ಮುಂದಿನ ಮೊನೆ ಹತ್ತಿರ ತಂದು ಹಿಂದಿನ ತುದಿ ಅಗಲಿಸಿ. ಹಿಂದಕ್ಕೆ ಮಾತ್ರ ವಾಲಬೇಡಿ. ವಾಲಿದರೆ ಸ್ಕೀ ನಿಮ್ಮ ಮಾತು ಕೇಳುವುದಿಲ್ಲ.

ತ್ರಿಶಲಾ ಹೊರಟಳು. ಇಳಿಜಾರು ಕಂಡದ್ದೇ ತಡ, ಮೈಗೆ ಹತ್ತಿದ ಚಾಳಿ ಎದ್ದು ಕುಳಿತಿತು. ಹಿಮ್ಮಡಿ ಊರಿದಳು, ಬೆನ್ನು ಗುಡ್ಡಕ್ಕೆ ಕೊಟ್ಟಳು. ಸ್ಕೀ ಬಾಣದಂತೆ ಓಡಿತು.

ಧಡ್!

ಎದ್ದಳು. ಮತ್ತೆ ಹೊರಟಳು. ಮತ್ತೆ ಹಿಮ್ಮಡಿ. ಮತ್ತೆ ಧಡ್.

“ಆಗೇ ಝುಕಿಯೇ, ಮೇಡಂಜೀ!” ಉಸ್ತಾದ್ ಕೂಗುತ್ತಲೇ ಇದ್ದರು. ಮುಂದೆ ಬಾಗಬೇಕೆಂದು ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಖಾನಾಪುರ ಅವಳಿಗೆ ಕಲಿಸಿದ್ದೆಲ್ಲ ಇಲ್ಲಿ ಉಲ್ಟಾ ಹೊಡೆಯುತ್ತಿತ್ತು. ತನ್ಮಯಿಗೆ ಹಿಮ್ಮಡಿ ಊರುವುದು ಎಂದೂ ಬಂದಿರಲಿಲ್ಲ. ಹಾಗಾಗಿ ಮರೆಯಬೇಕಾದದ್ದೂ ಇರಲಿಲ್ಲ. ಬಿದ್ದಾಗ ಕಿಲಕಿಲ ನಕ್ಕು ಎದ್ದಳು. ಸಂಜೆ ಹೊತ್ತಿಗೆ ಸರಾಗ ಇಳಿದು ಉಸ್ತಾದರ ಮುಂದೆ ಗಕ್ಕನೆ ನಿಂತಳು.

“ಶಾಬ್ಬಾಸ್ ಪೋರಿ!” ಎಂದ ಅವಧೂತ. ತ್ರಿಶಲಾ ಕೈಗವಸಿನ ಹಿಮ ಕೊಡವುತ್ತ ಬೇರೆ ಕಡೆ ನೋಡಿದಳು.

ದಿನ ಕಳೆದಂತೆ ಅವಳಿಗೆ ನಾಚಿಕೆ ಹೆಚ್ಚಾಯಿತು, ಕಲಿಕೆ ಹೆಚ್ಚಲಿಲ್ಲ. ಇಷ್ಟು ವರ್ಷ ಬರೀ ಕಲಿಸುತ್ತ ಬಂದವಳು ಕಲಿಯುವುದು ಹೇಗೆ ಎಂಬುದನ್ನೇ ಮರೆತಿದ್ದಳು. ಒಮ್ಮೆ ತನ್ಮಯಿ ಹತ್ತಿರ ಬಂದು, “ಅಕ್ಕಾರ, ಹಿಮ್ಮಡಿ ಊರಬ್ಯಾಡ್ರಿ. ನಾ ಕೈ ಹಿಡೀಲೇನ್ರಿ?” ಅಂದಳು. “ನನಗ ನೀ ಕಲಸ್ತಿಯೇನ?” ಎಂದುಬಿಟ್ಟಳು ತ್ರಿಶಲಾ. ಹುಡುಗಿ ಹಿಂದೆ ಸರಿದಳು.

ಕೊನೆಯ ದಿನ ಉಸ್ತಾದ್ ಒಬ್ಬೊಬ್ಬರನ್ನೇ ಕೇಳಿದರು: ಬೇಕೆಂದಾಗ ನಿಲ್ಲಲು ಬರುತ್ತದೆಯೆ? ಬಾರದವರು ಕೆಳಗೇ ಇರಬಹುದು, ಅದರಲ್ಲಿ ತಪ್ಪೇನಿಲ್ಲ. ಹಿಂದಿನ ದಿನ ಹೇಗೋ ಎರಡು ಸಲ ನಿಂತಿದ್ದ ತ್ರಿಶಲಾ ತಲೆಯೆತ್ತಿ, “ಬರ್ತೈತಿ,” ಎಂದಳು. ಬರುತ್ತಿರಲಿಲ್ಲ. ತನ್ಮಯಿ ಅವಳ ಮುಖ ನೋಡಿದಳು.

ಮೇಲಿನ ಹುಲ್ಲುಗಾವಲು ಆಕಾಶಕ್ಕೆ ಆತುಕೊಂಡಂತಿತ್ತು. ಹುಲ್ಲೆಲ್ಲ ಹಿಮದಡಿ ಮಲಗಿತ್ತು, ಗಾಳಿ ಬೀಸಿದಾಗ ಹಿಮದ ಪುಡಿ ಎದ್ದು ಹಾರುತ್ತಿತ್ತು, ಕೆಳಗೆ ಓಕ್ ಮರಗಳ ಕಪ್ಪು ಪಟ್ಟಿ, ಅದರಾಚೆ ಬಿಡಾರದ ಬಣ್ಣದ ಡೇರೆಗಳು. ದಾರಿಗುಂಟ ಬಿದಿರಿನ ಕೋಲಿಗೆ ಕೆಂಪು ಬಾವುಟ ಕಟ್ಟಿ ನೆಟ್ಟಿದ್ದರು. ಮೊದಲು ಉಸ್ತಾದ್ ಇಳಿದರು, ಹಿಂದೆ ತನ್ಮಯಿ, ಅವಧೂತ. ಓಕ್ ಮರಗಳ ಹತ್ತಿರ ಮೂವರೂ ನಿಂತು ಕಾಯತೊಡಗಿದರು.

ತ್ರಿಶಲಾ ಹೊರಟಳು. ಸ್ವಲ್ಪ ದೂರ ಎಲ್ಲ ಸರಿಯಿತ್ತು. ಆಮೇಲೆ ನೆಲ ಕಡಿದಾಯಿತು.

ಹಿಮ್ಮಡಿ ಊರಿತು.

“ಬಾಗ್ರಿ! ಮುಂದ ಬಾಗ್ರಿ!” ಕೆಳಗಿನಿಂದ ತನ್ಮಯಿ ಚೀರಿದಳು.

ಗಾಳಿ ಕಿವಿಯಲ್ಲಿ ಶಿಳ್ಳೆ ಹಾಕಿತು. ಬಾವುಟಗಳು ಸರ್ರನೆ ಹಿಂದೆ ಹೋದವು. ಎದುರಿಗೆ ಅವಧೂತ. ಅವನು ಸರಿಯಲು ಹೋದ, ಆಗಲಿಲ್ಲ. ಇಬ್ಬರೂ ಉರುಳಿ ಹಿಮದಲ್ಲಿ ಹೂತುಹೋದರು.

ತ್ರಿಶಲಾ ಎದ್ದು ಕುಳಿತಳು. ಅವಳಿಗೆ ಒಂದು ಗೀರೂ ಆಗಿರಲಿಲ್ಲ. ಅವಧೂತ ಮೊಣಕಾಲು ಹಿಡಿದುಕೊಂಡು ಹಲ್ಲು ಕಚ್ಚಿದ್ದ. “ಏನಿಲ್ರಿ ಅಕ್ಕಾರ... ಏನಿಲ್ಲ...” ಎನ್ನುತ್ತಿದ್ದ, ಕಣ್ಣಲ್ಲಿ ನೀರು ಬಂದಿತ್ತು.

ಉಸ್ತಾದ್ ವೈರ್‌ಲೆಸ್ಸಿನಲ್ಲಿ ಕೂಗಿ ಗಾಯಾಳುಗಳನ್ನು ಒಯ್ಯುವ ಜಾರುಗಾಡಿ ತರಿಸಿದರು. ಅಷ್ಟರಲ್ಲಿ ಕಣಿವೆಯಿಂದ ಮಂಜು ಏರುತ್ತಿತ್ತು. ಗಾಡಿ ತಂದವನು ಒಬ್ಬನೇ, ಇಳಿಸಲು ಹಿಂದೊಬ್ಬ, ಮುಂದೊಬ್ಬ ಬೇಕು; ಉಸ್ತಾದ್ ಜೊತೆಗೆ ಹೋಗಲೇಬೇಕಿತ್ತು. ನೀವಿಬ್ಬರೂ ಬಾವುಟಗಳ ಜಾಡು ಹಿಡಿದು ಬರುತ್ತೀರಾ, ಅಥವಾ ನಾನು ತಿರುಗಿ ಬರುವವರೆಗೆ ಇಲ್ಲೇ ನಿಲ್ಲುತ್ತೀರಾ ಎಂದು ಉಸ್ತಾದ್ ಕೇಳಿದರು.

“ಬರ್ತೀವಿ. ನೀವು ನಡೀರಿ,” ಎಂದಳು ತ್ರಿಶಲಾ. ಇನ್ನೊಂದು ಸುಳ್ಳು. ಅವಧೂತನ ಮುಖ ಎದುರಿಗಿದ್ದರೆ ಅವಳಿಗೆ ಉಸಿರಾಡುವುದೂ ಕಷ್ಟವಾಗಿತ್ತು.

ಗಾಡಿ ಮಂಜಿನಲ್ಲಿ ಮರೆಯಾಯಿತು. ತ್ರಿಶಲಾಗೆ ಮತ್ತೆ ಸ್ಕೀ ಮೇಲೆ ಜಾರುವ ಧೈರ್ಯ ಬರಲಿಲ್ಲ. ಸ್ಕೀ ಬಿಚ್ಚಿ ನಡೆಯಲು ಹೋದಳು, ಸೊಂಟದವರೆಗೆ ಹೂತುಹೋದಳು. ತನ್ಮಯಿ ಎಳೆದು ಹೊರಗೆ ತೆಗೆದಳು.

“ನೀ ಹೋಗ, ತನ್ಮಯಿ. ನನ್ನಿಂದ ಆಗೂದಿಲ್ಲ. ನಾ ಇಲ್ಲೇ ಕುಂದರ್ತೀನಿ.”

“ಒಬ್ಬರ ಕುಂದರ್ತೀರೇನ್ರಿ?”

ತ್ರಿಶಲಾ ಆ ಹುಡುಗಿಯ ಮುಖ ನೋಡಿದಳು. ಚೌಕಿಯ ಬೆಂಚು ಕಣ್ಣಮುಂದೆ ಬಂತು. ತಣ್ಣಗಿನ ಆ ಗಾಳಿಯಲ್ಲೂ ಅವಳ ಕಿವಿ ಬಿಸಿಯಾದವು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. “ನಿನ್ನ ಕುಂದ್ರಿಸಿ ಹೋಗಿದ್ನಲ್ಲ, ನಾ...” ಎಂದು ಬಿಕ್ಕಿದಳು.

“ಹೌದ್ರಿ, ಕುಂದ್ರಿಸಿ ಹೋಗಿದ್ರಿ. ಭಾಳ ಅತ್ತಿದ್ದೆ ಆವತ್ತು. ನಿಮ್ಮ ಸೀಟಿ ಸಪ್ಪಳ ಕೇಳಿದ್ರ ಇವತ್ತಿಗೂ ಎದಿ ಹೊಡಕೋತೈತಿ.” ತನ್ಮಯಿ ಬಗ್ಗಿ ಅವಳ ಬೂಟಿಗೆ ಸ್ಕೀ ಸಿಕ್ಕಿಸಿದಳು. “ಈಗ ಅಳಾಕ ಟೈಮ್ ಇಲ್ರಿ, ಹೊತ್ತು ಮುಳುಗ್ತೈತಿ. ನೀವು ಮುಂದ ನಡೀರಿ, ನಾ ಹಿಂದ ಬರ್ತೀನಿ. ನಿಧಾನ ಇದ್ದವ್ರು ಮುಂದ, ನಿಮ್ಮದ ನಿಯಮ.”

ಒಂದು ಬಾವುಟ. ನಿಂತರು. ಇನ್ನೊಂದು ಬಾವುಟ. ತ್ರಿಶಲಾ ಬಿದ್ದಳು, ತನ್ಮಯಿ ಎಬ್ಬಿಸಿದಳು. “ಮೊಣಕಾಲ ಮಡಚ್ರಿ. ಮುಂದಿನ ಬಾವುಟಾ ನೋಡ್ರಿ, ಕಾಲು ನೋಡಬ್ಯಾಡ್ರಿ.” ಮತ್ತೆ ಬಿದ್ದಳು. ಮಂಜು ದಟ್ಟವಾಗಿ ಕೆಂಪು ಬಟ್ಟೆ ಕಂಡೂ ಕಾಣದಂತಾಯಿತು. ಇಬ್ಬರೂ “ಹೋ!” ಎಂದು ಕೂಗಿಕೊಂಡು ಇಳಿದರು, ಖಾನಾಪುರದ ಕಾಡಿನಲ್ಲಿ ಕೂಗುವ ಹಾಗೆ.

ಓಕ್ ಮರಗಳ ನಡುವೆ ಕಡಿದಾದ ಗಟ್ಟಿ ಹಿಮದ ಜಾಗ ಬಂತು. ಎಡಕ್ಕೆ ಹಳ್ಳ.

“ಇಲ್ಲಿ ಸ್ಕೀ ಬಿಚ್ಚ್ರಿ,” ಎಂದಳು ತನ್ಮಯಿ. ಆಮೇಲೆ ಇಳಿಜಾರಿನತ್ತ ಕೈ ತೋರಿಸಿ, “ಕುಂತ ಜಾರ್ರಿ,” ಎಂದಳು.

ಆ ದನಿಯಲ್ಲಿ ವ್ಯಂಗ್ಯ ಇದ್ದಿದ್ದರೆ ತ್ರಿಶಲಾಗೆ ಹಗುರವಾಗುತ್ತಿತ್ತು. ಇರಲಿಲ್ಲ. ಅವಳು ಸ್ಕೀ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಹಿಮದ ಮೇಲೆ ಕುಳಿತು, ಮಕ್ಕಳಂತೆ ಜಾರಿದಳು. ಕೆಳಗೆ ಎದುರುಗೊಳ್ಳಲು ಬರುತ್ತಿದ್ದ ಉಸ್ತಾದ್ ಮತ್ತು ಬಿಡಾರದ ಜನ ಎಲ್ಲ ನೋಡಿದರು. ಯಾರೂ ನಗಲಿಲ್ಲ.

ಬಿಡಾರದ ಮೇಲಿನ ಕೊನೆಯ ಸಣ್ಣ ಇಳುಕಲು ಉಳಿದಿತ್ತು. ತ್ರಿಶಲಾ ಮತ್ತೆ ಸ್ಕೀ ತೊಟ್ಟಳು. ಮೊಣಕಾಲು ಮಡಚಿದಳು, ಮುಂದೆ ಬಾಗಿದಳು, ಸ್ಕೀಯ ಹಿಂದಿನ ತುದಿ ಅಗಲಿಸಿದಳು. ಸ್ಕೀ ಕರಕರ ಎಂದು ಹಿಮ ಕೊರೆಯುತ್ತ ನಿಧಾನವಾಯಿತು. ಡೇರೆಯ ಮುಂದೆ ತಾನಾಗಿ ನಿಂತಳು. ಔಲಿಯಲ್ಲಿ ಅವಳು ಗೆದ್ದದ್ದು ಇಷ್ಟೇ.

ಅವಧೂತನ ಮೊಣಕಾಲು ಮುರಿದಿರಲಿಲ್ಲ, ಉಳುಕಿತ್ತು. ಪಟ್ಟಿ ಸುತ್ತಿಸಿಕೊಂಡು ಬಿಸಿ ದಾಲ್ ಕುಡಿಯುತ್ತಿದ್ದ. “ನಿಲ್ಲಾಕ ಬರ್ತೈತಿ ಅಂತ ಸುಳ್ಳ ಹೇಳಿದ್ನಿ, ಅವಧೂತಣ್ಣ,” ಎಂದಳು ತ್ರಿಶಲಾ. “ಖರೇ ಹೇಳಬೇಕಂದ್ರ ನನಗೂ ಗೊತ್ತಿತ್ತ್ರಿ,” ಎಂದ ಅವನು, “ನಿಮ್ಮ ಅಂಜಿಕಿಗೆ ಬಾಯಿ ಮುಚ್ಚಕೊಂಡ ಕುಂತಿದ್ದೆ.” ಅವಳು ಜೈನರವಳು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ನಾಚಿಕೆಗೆ ಹೇಗೂ ಊಟ ಸೇರುತ್ತಿರಲಿಲ್ಲ. ಯಾಕೆ ಉಣ್ಣಲಿಲ್ಲ ಎಂದು ಅಂದು ಯಾರೂ ಕೇಳಲಿಲ್ಲ, ಅದೇ ಅವಳಿಗೆ ಅನುಕೂಲವಾಯಿತು.

ಬೆಳಗಾವಿ ಸ್ಟೇಷನ್ನಿನಲ್ಲಿ ಬಳಗದವರು ಹಾರ ಹಿಡಿದು ನಿಂತಿದ್ದರು. ತ್ರಿಶಲಾ ತನ್ನ ಹಾರ ತೆಗೆದು ತನ್ಮಯಿಯ ಕೊರಳಿಗೆ ಹಾಕಿದಳು. ಎಲ್ಲರೂ ದೊಡ್ಡ ಮನಸ್ಸು ಎಂದರು. ಆ ಮಾತು ಅವಳಿಗೆ ಮುಳ್ಳಿನಂತೆ ಚುಚ್ಚಿತು. ನಿಜ ಹೇಳುವುದು ಇನ್ನೂ ಬಾಕಿ ಇತ್ತು, ಅದಕ್ಕೆ ಜಾಗ ಇದಲ್ಲ ಎಂದು ಅವಳಿಗೆ ಗೊತ್ತಿತ್ತು.

ಮಳೆ ಹಿಡಿದ ಮೇಲೆ ಬಳಗ ಮತ್ತೆ ಖಾನಾಪುರದ ಕಾಡಿಗೆ ಹೋಯಿತು. ಅದೇ ಕೆಂಪು ಇಳಿಜಾರಿನ ನೆತ್ತಿಯಲ್ಲಿ ತ್ರಿಶಲಾ ಎಲ್ಲರನ್ನೂ ನಿಲ್ಲಿಸಿದಳು. ತನ್ಮಯಿಯ ಭುಜ ಬಿಗಿಯಾದದ್ದು ಅವಳಿಗೆ ಕಂಡಿತು. ಸೀಟಿ ಊದಲಿಲ್ಲ.

“ಹ್ವಾದ ವರ್ಷ ಇಲ್ಲಿ ಈ ಹುಡಿಗೀಗೆ ನಿಮ್ಮೆಲ್ಲರ ಮುಂದ ಎಮ್ಮಿ ಅಂದಿದ್ನಿ. ಔಲಿ ಒಳಗ ನಾ ಸುಳ್ಳ ಹೇಳಿ ಮ್ಯಾಲೆ ಹ್ವಾದ್ನಿ, ಅವಧೂತಣ್ಣನ ಕಾಲು ನನ್ನಿಂದ ಉಳುಕ್ತು, ಕಡೀಕ ಕುಂತ ಜಾರಿ ಕೆಳಗ ಬಂದ್ನಿ. ಇಳಿಸಿದಾಕಿ ಇಕಿ. ತಪ್ಪಾತವ್ವ, ತನ್ಮಯಿ.” ಕೊರಳಿನ ಸೀಟಿ ತೆಗೆದು ಹುಡುಗಿಯ ಕೈಗಿಟ್ಟಳು. “ಇವತ್ತ ನೀ ಹಿಂದ. ನಾ ಮುಂದ.”

ತ್ರಿಶಲಾ ತಿರುಗಿ ಇಳಿಯತೊಡಗಿದಳು. ಮೊಣಕಾಲು ತಾನಾಗಿ ಮಡಚಿಕೊಂಡಿತು, ಮೈ ಮುಂದಕ್ಕೆ ಬಾಗಿತು. ಎರಡು ಹೆಜ್ಜೆ ಇಡುವಷ್ಟರಲ್ಲಿ ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದಳು.

“ಅಕ್ಕಾರ!” ಮೇಲಿನಿಂದ ತನ್ಮಯಿಯ ದನಿ ಬಂತು. “ಹಿಮ್ಮಡಿ ಊರ್ರಿ! ಇದು ಔಲಿ ಅಲ್ಲ, ಖಾನಾಪುರ!”

ಕಾಡೇ ನಕ್ಕಿತು. ಕೆಂಪಾದ ಮುಖದಲ್ಲಿ ತ್ರಿಶಲಾಳೂ ನಕ್ಕಳು, ಉಳಿದ ಇಳಿಜಾರನ್ನು ಕುಳಿತೇ ಇಳಿದಳು.

ಚೌಕಿಯ ಹತ್ತಿರ ಅವಳು ಆ ಬೆಂಚಿನ ಮೇಲೆ ಕುಳಿತು ಕೆಸರು ಒರೆಸಿಕೊಳ್ಳತೊಡಗಿದಳು. ಬಳಗ ಮಾತಾಡುತ್ತ ಮುಂದೆ ಹೋಯಿತು. ಎಷ್ಟು ಒರೆಸಿದರೂ ಕೆಂಪು ಹೋಗುವಂತಿರಲಿಲ್ಲ. ತಲೆಯೆತ್ತಿದಾಗ ಕೊರಳಲ್ಲಿ ಸೀಟಿ ಹಾಕಿಕೊಂಡ ತನ್ಮಯಿ ಎದುರಿಗೆ ನಿಂತಿದ್ದಳು.

“ನಡೀ, ನಾ ಬರ್ತೀನಿ,” ಎಂದಳು ತ್ರಿಶಲಾ.

“ಸಾವಕಾಶ ಒರಸ್ಕೋರಿ,” ಎಂದಳು ತನ್ಮಯಿ, ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕುಳಿತುಕೊಳ್ಳುತ್ತ. “ನಾ ಇಲ್ಲೇ ಇರ್ತೀನ್ರಿ.”