ಗುರಿ ತಪ್ಪದ ಊಜಿ ನೊಣ

“ಸತ್ತೆ!” ಎಂದು ಸಿದ್ಧಾರ್ಥ್ ಕೀಬೋರ್ಡಿನಿಂದ ಕೈ ತೆಗೆದ. ಆಟ ಶುರುವಾಗಿ ಒಂಬತ್ತೇ ಸೆಕೆಂಡು ಆಗಿತ್ತು.

“ಇನ್ನೊಂದ್ಸಲ ಆಡೋ,” ಎಂದಳು ತನುಜ. ಅವಳ ಮುಖದಲ್ಲಿ ಹೆಮ್ಮೆ ತುಂಬಿ ತುಳುಕುತ್ತಿತ್ತು.

“ಹದಿಮೂರು ಸಲ ಆಡ್ದೆ ಕಣೇ. ಹದಿಮೂರು ಸಲಾನೂ ಸತ್ತೆ. ಅದು ನೊಣ ಕಣೇ, ಮಿಲಿಟ್ರಿ ಅಲ್ಲ!”

ದಿಬ್ಬೂರಹಳ್ಳಿಯ ಶಾಲೆಯಲ್ಲಿ ಆರನೇ ಕ್ಲಾಸಿನ ಈ ಇಬ್ಬರೂ ಸೇರಿ ಮಾಡಿದ ಕಂಪ್ಯೂಟರ್ ಗೇಮ್ ಅದು. ಚಿತ್ರಗಳೆಲ್ಲ ಸಿದ್ಧಾರ್ಥನವು, ಪ್ರೋಗ್ರಾಂ ತನುಜಳದು. ಆಟದಲ್ಲಿ ರಾಣಿ ಎಂಬ ಹುಡುಗಿ ಇದ್ದಾಳೆ. ರೇಷ್ಮೆಹುಳುವಿನ ಮನೆಗೆ ಅವಳೇ ಕಾವಲು, ಅವಳ ಕೈಯಲ್ಲಿ ಸ್ಪ್ರೇ ಗನ್. ಹೊರಗಿನಿಂದ ಊಜಿ ನೊಣಗಳು ಹಾರಿ ಬಂದು ಮೊಟ್ಟೆಯ ಗುಂಡು ಹೊಡೆಯುತ್ತವೆ. ನಿಜವಾದ ಊಜಿ ನೊಣಕ್ಕೆ ಗುಂಡು ಗಿಂಡು ಏನಿಲ್ಲ, ಹುಳುವಿನ ಮೈಮೇಲೆ ಕೂತು ಒಂದು ಮೊಟ್ಟೆ ಇಡುತ್ತದೆ. ಆ ಹುಳು ಉಳಿಯುವುದಿಲ್ಲ.

ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಆ ಕಡೆಯವರು ಜ್ವರ ಎನ್ನುತ್ತಾರೆ. ಆಟದಲ್ಲೂ ನಾಲ್ಕು ಜ್ವರ, ಅಂದರೆ ನಾಲ್ಕು ಲೆವೆಲ್. ಒಂದೊಂದು ಜ್ವರ ದಾಟಿದರೂ ರಾಣಿಗೆ ಒಂದೊಂದು ಹೊಸ ಶಕ್ತಿ ಬರುತ್ತದೆ. ಮೊದಲು ಬಲೆ, ಆಮೇಲೆ ಸುಣ್ಣದ ಬಾಂಬು. ಪಾಪ, ಆ ಬಾಂಬನ್ನು ಕಣ್ಣಿಂದ ನೋಡಿದವರೇ ಇರಲಿಲ್ಲ.

“ನೊಣದ ಗುರಿ ಎಷ್ಟಿಟ್ಟಿದ್ದೀಯ?” ಎಂದು ಸಿದ್ಧಾರ್ಥ್ ಕೇಳಿದ.

“ನೂರಕ್ಕೆ ನೂರು.”

“ಕಮ್ಮಿ ಮಾಡೇ. ಸೋಮವಾರ ಯಾರೂ ಆಡಲ್ಲ ಆಮೇಲೆ.”

“ನಿನ್ನ ಕೈ ಸ್ಲೋ ಅಂತ ನಾನ್ಯಾಕೆ ಕಮ್ಮಿ ಮಾಡ್ಲಿ? ಕಷ್ಟ ಇದ್ರೇನೇ ಗೇಮು.”

ಸೋಮವಾರ ಮಧ್ಯಾಹ್ನ ನಾಲ್ಕನೇ ಕ್ಲಾಸಿನ ಮಕ್ಕಳು ಬಂದು ಎಲ್ಲರ ಗೇಮುಗಳನ್ನೂ ಆಡುವವರಿದ್ದರು. ಯಾವ ಗೇಮಿನ ಮುಂದೆ ಕ್ಯೂ ಉದ್ದವಾಗಿರುತ್ತದೋ ಅದು ಶಿಡ್ಲಘಟ್ಟದ ಎಕ್ಸಿಬಿಷನ್ನಿಗೆ ಎಂದು ಪ್ರಿಯಂವದಾ ಮಿಸ್ ಹೇಳಿದ್ದರು. ಶಿಡ್ಲಘಟ್ಟಕ್ಕೆ ಹೋಗಲೇಬೇಕು ಎಂದು ತನುಜ ಹಟ ತೊಟ್ಟಿದ್ದಳು.

ಅಷ್ಟರಲ್ಲಿ ನಾಲ್ಕನೇ ಕ್ಲಾಸಿನ ಲಾವಣ್ಯ ಬಾಗಿಲಲ್ಲಿ ಇಣುಕಿದಳು. ತನುಜ ಅವಳನ್ನು ಎಳೆದು ತಂದು ಕೂರಿಸಿದಳು. ಲಾವಣ್ಯ ಆರು ಸೆಕೆಂಡಿಗೆ ಸತ್ತಳು. “ಅಕ್ಕ, ಪಕ್ಕದ ಕಾರ್ ರೇಸ್ ಆಡ್ಲಾ?” ಎಂದು ಮೆಲ್ಲಗೆ ಎದ್ದಳು.

“ಇರೇ, ಇರೇ!” ತನುಜ ಮುಖ ಗಂಟು ಹಾಕಿಕೊಂಡೇ ನೂರನ್ನು ಅಳಿಸಿ ಹತ್ತು ಎಂದು ಬರೆದಳು.

ಈಗ ಮೊಟ್ಟೆಗಳು ಸೂರಿಗೆ ಬಿದ್ದವು, ಗೋಡೆಗೆ ಬಿದ್ದವು, ರಾಣಿಗೆ ಮಾತ್ರ ಬೀಳಲಿಲ್ಲ. ಲಾವಣ್ಯ ರಾಣಿಯನ್ನು ನಿಂತಲ್ಲೇ ನಿಲ್ಲಿಸಿ ಎರಡು ಜ್ವರ ದಾಟಿ ಆಕಳಿಸಿದಳು. “ಅಕ್ಕ, ಈ ನೊಣಕ್ಕೆ ಕಣ್ಣು ಕಾಣಲ್ವಾ?”

ಸಿದ್ಧಾರ್ಥ್ ಹೊಟ್ಟೆ ಹಿಡಿದುಕೊಂಡು ನಕ್ಕ. ತನುಜಳಿಗೆ ಉರಿದುಹೋಯಿತು. “ನಿನ್ನ ಮಾತು ಕೇಳಿದ್ದೇ ತಪ್ಪು! ಗೇಮ್ ಹಾಳು ಮಾಡ್ದೆ!”

ಅವನ ನಗು ನಿಂತಿತು. “ಹಂಗಾದ್ರೆ ನೀನೊಬ್ಳೇ ಮಾಡ್ಕೋ,” ಎಂದವನೇ ಬ್ಯಾಗು ಹೆಗಲಿಗೇರಿಸಿ ಹೊರಟುಹೋದ.

ತನುಜ ಧುಮುಗುಡುತ್ತ ಮನೆಗೆ ಬಂದಳು. ಅಜ್ಜಿ ಅಶ್ವತ್ಥಮ್ಮ ಹುಳುಮನೆಯಲ್ಲಿ ರೇಷ್ಮೆಹುಳುವಿನ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದರು. ಹುಳುಗಳು ನಾಲ್ಕನೇ ಜ್ವರದಿಂದ ಎದ್ದು ಐದು ದಿನವಾಗಿತ್ತು. ಇನ್ನೆರಡು ಮೂರು ದಿನ ಕಾದರೆ ಗೂಡು ಕಟ್ಟುತ್ತವೆ. ತನುಜ ಚಪ್ಪಲಿಯನ್ನೇನೋ ಹೊರಗೆ ಬಿಟ್ಟಳು, ಕೈಯನ್ನೂ ತೊಳೆದಳು. ಆದರೆ ಕೋಪದಲ್ಲಿ ಬಲೆಬಾಗಿಲು ಹಾಕುವುದನ್ನು ಮರೆತಳು.

“ಅಜ್ಜಿ, ನನ್ನ ನೊಣಗಳ ಗುರಿ ನೂರಿಟ್ರೆ ಯಾರೂ ಆಡಲ್ಲ, ಹತ್ತಿಟ್ರೆ ನಗ್ತಾರೆ. ಆ ಸಿದ್ಧಾರ್ಥ್ ಬೇರೆ...”

ಝೊಂಯ್!

ಅಜ್ಜಿ ತಟ್ಟನೆ ತಲೆಯೆತ್ತಿದರು. “ಅಯ್ಯೋ ನಿನ್ನ! ಬಾಗಿಲು ಹಾಕ್ಲಿಲ್ವೇನಮ್ಮ? ಊಜಿ ಬಂತು ನೋಡು!”

ತನುಜ ಓಡಿಹೋಗಿ ಬಾಗಿಲು ಹಾಕಿದಳು. ಆದರೆ ನೊಣ ಆಗಲೇ ಒಳಗಿತ್ತು. ಮನೆಮಂದಿಯೆಲ್ಲ ಇಪ್ಪತ್ತು ದಿನದಿಂದ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಹುಳುಗಳು! ಅವಳಿಗೆ ಅಳು ಬಂದಂತಾಯಿತು.

ಅಜ್ಜಿ ಟವೆಲ್ ಎತ್ತಿಕೊಂಡರು. ನೊಣ ಝೊಂಯ್ ಎಂದು ಒಂದು ಸುತ್ತು ಹೊಡೆಯಿತು. ಅಜ್ಜಿ ಬೀಸಿದರು. ಟವೆಲ್ ಕಂಬಕ್ಕೆ ಬಡಿಯಿತು.

“ಪೋಯಿಂದಿ!” ಎಂದರು. ಏನಾದರೂ ಕೈತಪ್ಪಿ ಹೋದರೆ ಅಜ್ಜಿಯ ಬಾಯಿಗೆ ತೆಲುಗೇ ಬರುತ್ತಿತ್ತು.

ನೊಣ ಹುಳುವಿನತ್ತ ಇಳಿಯಿತು, ಯಾಕೋ ಬೇಡವೆಂದು ಮೇಲೆದ್ದಿತು, ತಟ್ಟೆಯ ಅಂಚಿನಲ್ಲಿ ಕೂತು ಕೈ ಉಜ್ಜಿಕೊಂಡಿತು. ಅಜ್ಜಿ ಮತ್ತೆ ಬೀಸಿದರು. ಈ ಸಲ ಏಟು ಬಿದ್ದದ್ದು ತನುಜಳ ಬೆನ್ನಿಗೆ.

“ಅಜ್ಜೀ!”

“ನೀನ್ಯಾಕೆ ಅಡ್ಡ ಬಂದೆ?” ಎಂದು ಅಜ್ಜಿ ನಕ್ಕರು. ತನುಜಳಿಗೂ ನಗು ತಡೆಯಲಾಗಲಿಲ್ಲ. ಮತ್ತೆ ಝೊಂಯ್ ಎಂದಿತು. ಸದ್ದು ಬಂದ ಕಡೆಗೆ ಅವಳು ಕೈ ತೋರಿಸಿದಳು. “ಅಲ್ಲಿ, ಅಲ್ಲಿ! ಬಲಗಡೆ ಅಜ್ಜಿ!” ಈ ಸಲ ಅಜ್ಜಿ ಬೀಸಿದ ಏಟಿಗೆ ನೊಣ ನೆಲಕ್ಕೆ ಬಿತ್ತು. ಇಬ್ಬರೂ ಹೋ ಎಂದು ಕೂಗಿದರು.

ಹುಳುಗಳ ಮೇಲೆ ಬಗ್ಗಿ ಒಂದೊಂದೇ ತಟ್ಟೆ ನೋಡುತ್ತ ಅಜ್ಜಿ ಹೇಳಿದರು, “ಏನೂ ಆಗಿಲ್ಲ ಬಿಡು. ಬರೋದಕ್ಕೆ ಮುಂಚೆ ಸದ್ದು ಮಾಡ್ತದಲ್ಲ, ಅದರಿಂದ ಬಚಾವಾದ್ವಿ. ನಿನ್ನ ಕಂಪ್ಯೂಟರ್ ನೊಣದ ಥರ ನೆಟ್ಟಗೆ ಬಂದು ಕೂತಿದ್ರೆ ನಾವು ಒಂದು ಗೂಡಾದ್ರೂ ಬಿಡಿಸ್ತಿದ್ವಾ?”

ತನುಜ ಸತ್ತ ನೊಣವನ್ನೇ ನೋಡುತ್ತ ನಿಂತುಬಿಟ್ಟಳು.

ಭಾನುವಾರ ಬೆಳಿಗ್ಗೆ ಅವಳು ಸಿದ್ಧಾರ್ಥನ ಮನೆಗೆ ಹೋದಳು. ಅವನು ಜಗಲಿಯ ಮೇಲೆ ಕೂತು ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದ, ತಲೆಯೆತ್ತಲಿಲ್ಲ.

“ನಿನ್ನೆ ಹಂಗಂದಿದ್ದು ತಪ್ಪು ಕಣೋ,” ಎಂದಳು ತನುಜ. “ನಂಗೆ ಎರಡು ಚಿತ್ರ ಬೇಕು. ನೊಣ ಸುತ್ತು ಹೊಡೆಯೋದೊಂದು, ಕೂತು ಕೈ ಉಜ್ಜಿಕೊಳ್ಳೋದೊಂದು.”

“ಕೈ ಉಜ್ಜೋದಾ? ಊಟಕ್ಕೆ ಬಂದಿದ್ಯಾ ಅದು?” ಸಿದ್ಧಾರ್ಥ್ ಕಿಸಕ್ಕನೆ ನಕ್ಕ. ಅಲ್ಲಿಗೆ ಜಗಳ ಮುಗಿಯಿತು.

ಸೋಮವಾರ ಪ್ರೇಯರ್‌ಗೆ ಒಂದು ಗಂಟೆ ಮೊದಲೇ ಇಬ್ಬರೂ ಲ್ಯಾಬಿನಲ್ಲಿದ್ದರು. ಈಗ ನೊಣ ಮೊದಲು ಝೊಂಯ್ ಎನ್ನುತ್ತಿತ್ತು, ಸುತ್ತು ಹೊಡೆಯುತ್ತಿತ್ತು. ಮೊದಲನೇ ಮೊಟ್ಟೆ ರಾಣಿಯ ಪಕ್ಕದಲ್ಲಿ ಬೀಳುತ್ತಿತ್ತು. ಅಷ್ಟರಲ್ಲಿ ಅವಳು ಓಡದಿದ್ದರೆ ಎರಡನೆಯದು ಇನ್ನೂ ಹತ್ತಿರ, ಮೂರನೆಯದು ನೆಟ್ಟಗೆ ತಲೆಗೆ. ಹೊಡೆದು ಸುಸ್ತಾದ ನೊಣ ಕೂತು ಕೈ ಉಜ್ಜುವಾಗ ರಾಣಿ ಸ್ಪ್ರೇ ಮಾಡಬಹುದು. ಗುರಿಯ ಅಂಕಿಯನ್ನು ಅವರು ಐವತ್ತಕ್ಕೆ ಇಟ್ಟರು, ಎಪ್ಪತ್ತಕ್ಕೆ ಇಟ್ಟರು, ಮತ್ತೆ ಅರವತ್ತಕ್ಕೆ ಇಳಿಸಿದರು. ಗುರಿ ತಪ್ಪದ ನೊಣ ಮಾಡಲು ತನುಜಳಿಗೆ ಒಂದು ನಿಮಿಷ ಸಾಕಾಗಿತ್ತು. ಹದವಾಗಿ ತಪ್ಪುವ ನೊಣಕ್ಕೆ ಒಂದು ಗಂಟೆಯೂ ಸಾಲಲಿಲ್ಲ.

ಮಧ್ಯಾಹ್ನ ಲಾವಣ್ಯ ಮೊದಲು ಕಾರ್ ರೇಸ್ ಕಡೆಗೇ ನಡೆದಳು. ಸಿದ್ಧಾರ್ಥ್ ಕೈಮುಗಿದು ಕರೆದುಕೊಂಡು ಬಂದ. ಅವಳು ಒಂದನೇ ಜ್ವರ ದಾಟಿದಳು, ಎರಡನೆಯದರಲ್ಲಿ ಸತ್ತಳು. “ಅಯ್ಯೋ! ಒಂದೇ ಒಂದ್ಸಲ ಅಕ್ಕ, ಈ ಸಲ ದಾಟ್ತೀನಿ!” ಎಂದು ಓಡಿಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಸತ್ತವರೆಲ್ಲ ಹಾಗೇ ಹೋಗಿ ನಿಂತರು. ಕ್ಯೂ ಬಾಗಿಲು ದಾಟಿ ವರಾಂಡಕ್ಕೆ ಬಂತು. ಅದನ್ನು ನೋಡಿ ಪ್ರಿಯಂವದಾ ಮಿಸ್ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಅವರು ಬರೆದದ್ದು ಸಿದ್ಧಾರ್ಥನ ಕಣ್ಣಿಗೆ ಬಿತ್ತು, ತನುಜಳಿಗೆ ಬೀಳಲಿಲ್ಲ.

ಏಕೆಂದರೆ ಲಾವಣ್ಯ ಐದನೇ ಸರದಿಯಲ್ಲಿ ನಾಲ್ಕನೇ ಜ್ವರದಲ್ಲಿದ್ದಳು. ರಾಣಿಗೆ ಉಳಿದಿದ್ದದ್ದು ಒಂದೇ ಜೀವ. ಝೊಂಯ್ ಎಂದಿತು. “ಓಡೇ! ಎಡಗಡೆ! ಹಾಂ, ಈಗ ಹೊಡಿ!” ಎಂದು ತನುಜ ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಸುಣ್ಣದ ಬಾಂಬು ಸಿಡಿಯಿತು. ಕೊನೆಯ ನೊಣ ಉದುರಿತು. ಪರದೆಯ ತುಂಬ ಹಳದಿ ಗೂಡುಗಳು ಮೂಡಿದವು.

ತನುಜ ಲಾವಣ್ಯಳನ್ನು ಎತ್ತಿಕೊಂಡು ಗಿರಗಿರ ತಿರುಗಿಸಿದಳು.

“ಏಯ್, ನಿನ್ನ ನೊಣ ಎಲ್ಲ ಸೋತೋದ್ವಲ್ಲೇ!” ಎಂದ ಸಿದ್ಧಾರ್ಥ್.

“ಹೂಂ ಕಣೋ,” ಎಂದಳು ತನುಜ ಏದುಸಿರು ಬಿಡುತ್ತ. ಆ ಮಾತು ಅವಳಿಗೆ ಇಷ್ಟು ಸಿಹಿಯಾಗಿ ಕೇಳುತ್ತದೆಂದು ಶನಿವಾರ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಕುರ್ಚಿಯನ್ನು ಸರಿಯಾಗಿ ಎಳೆದಿಟ್ಟು ಅವಳು ಮುಂದಿನ ಹುಡುಗನನ್ನು ಕರೆದಳು.